ತಂಪು ಗಾಳಿ ಎಲ್ಲಿಂದ ಬಂತು?

ನಮ್ಮ ಲ್ಯಾಬಿನ ಮೂಲೆಯಲ್ಲಿರುವ ಕಂಪ್ರೆಸರ್ ರಿಗ್ ನೋಡಿದ ಜೂನಿಯರ್‌ಗಳೆಲ್ಲ ಕೇಳೋದು ಒಂದೇ ಪ್ರಶ್ನೆ: ಹೌಸಿಂಗ್ ಮೇಲೆ ಆ ಎಂ5 ಬೋಲ್ಟ್ ಯಾಕಿದೆ? ಅದು ಯಾವುದನ್ನೂ ಹಿಡಿದುಕೊಂಡಿಲ್ಲವಲ್ಲ? ನಿಜ, ಹಿಡಿದುಕೊಂಡಿಲ್ಲ. ಒಂದು ತೂತು ಮುಚ್ಚಿದೆ ಅಷ್ಟೆ. ಆ ತೂತು ಕೊರೆದವರು ನಾವೇ, ದೊಡ್ಡದು ಮಾಡಿದವರೂ ನಾವೇ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ. ಒಬ್ಬ ಬಳ್ಳಾರಿಯವನು, ಒಬ್ಬಳು ಹಾಸನದವಳು, ಇನ್ನಿಬ್ಬರು ಬೆಂಗಳೂರಿನವರು. ಗುಜರಿಯಲ್ಲಿ ಸಿಕ್ಕ ಹಳೇ ಟರ್ಬೋಚಾರ್ಜರ್‌ನಿಂದ ಟರ್ಬೈನ್ ತೆಗೆದು, ಅದರ ಜಾಗದಲ್ಲಿ ಮೋಟರ್ ಕೂರಿಸಿ, ಕಂಪ್ರೆಸರನ್ನು ಕರೆಂಟಿನಲ್ಲೇ ತಿರುಗಿಸಬೇಕು ಅನ್ನೋದು ಆಸೆ. ಗುರಿ 80,000 ಆರ್‌ಪಿಎಂ. ಮೋಟರಿಗೆ 42,000 ರೂಪಾಯಿ ಆಯ್ತು. ಅದರಲ್ಲಿ ಬಳ್ಳಾರಿಯವನ ಇಂಟರ್ನ್‌ಶಿಪ್ ದುಡ್ಡು ಪೂರ್ತಿ ಹೋಯ್ತು. ರೋಟರಿನ ಮ್ಯಾಗ್ನೆಟ್‌ನಲ್ಲಿ ಮಾತ್ರ ಸ್ವಲ್ಪ ಉಳಿಸಿದ್ವಿ. ಶಾಖ ತಡೆಯುವ ಸಮೇರಿಯಂ ಕೋಬಾಲ್ಟ್ ದುಬಾರಿ, ಹಾಗಾಗಿ ಸಾಮಾನ್ಯ ಗ್ರೇಡಿನ ನಿಯೋಡಿಮಿಯಂ ಹಾಕಿಸಿದ್ವಿ. ಅದರ ಡೇಟಾಶೀಟಿನಲ್ಲಿ 80 ಡಿಗ್ರಿ ಅಂತ ಬರೆದಿತ್ತು. ಓದಿದ್ವಿ. ಓದಿ ಮುಂದೆ ಹೋದ್ವಿ.

ಮೋಟರ್ ಅಂಗೈಯಷ್ಟು. ಪೂರ್ತಿ ಸ್ಪೀಡಿನಲ್ಲಿ ಸುಮಾರು 200 ವಾಟ್ ಶಾಖ ಅದರೊಳಗೇ ಹುಟ್ಟುತ್ತೆ: ತಾಮ್ರದಲ್ಲಿ ಒಂದಿಷ್ಟು, ಕಬ್ಬಿಣದಲ್ಲಿ ಒಂದಿಷ್ಟು, ರೋಟರಿಗೂ ಗಾಳಿಗೂ ಆಗುವ ಉಜ್ಜಾಟದಲ್ಲಿ ಉಳಿದದ್ದು. ಈ ಉಜ್ಜಾಟ ಪೋಕರಿ. ಸ್ಪೀಡ್ ಎರಡರಷ್ಟಾದರೆ ಅದು ಹೆಚ್ಚುಕಮ್ಮಿ ಎಂಟರಷ್ಟಾಗುತ್ತೆ. ಹೊರಗಿಂದ ನೀರಿನ ಜಾಕೆಟ್ ಹಾಕಿದರೆ ವೈಂಡಿಂಗ್ ತಣ್ಣಗಾಗುತ್ತೆ, ಆದರೆ ಒಳಗೆ ತಿರುಗುವ ಮ್ಯಾಗ್ನೆಟ್ಟಿಗೆ ನೀರು ಮುಟ್ಟೋದೇ ಇಲ್ಲ. ಅಲ್ಲಿಗೆ ಹೋಗಬಲ್ಲದ್ದು ಗಾಳಿ ಮಾತ್ರ. ಗಾಳಿಗೇನು ಬರವೇ? ಪಕ್ಕದಲ್ಲೇ ಕಂಪ್ರೆಸರ್ ಕೂತಿದೆ.

ಈ ಐಡಿಯಾ ಬಂದದ್ದು ಗ್ಯಾಸ್ ಟರ್ಬೈನ್ ಕ್ಲಾಸಿನಿಂದ. ಜೆಟ್ ಇಂಜಿನ್ನಿನ ಟರ್ಬೈನ್ ಬ್ಲೇಡುಗಳನ್ನು ಅದೇ ಇಂಜಿನ್ನಿನ ಕಂಪ್ರೆಸರ್ ಗಾಳಿಯಿಂದಲೇ ತಂಪು ಮಾಡ್ತಾರೆ ಅಂತ ಓದಿದ್ವಿ. ಎರಡನೇ ಮಹಾಯುದ್ಧದಲ್ಲಿ ನಿಕಲ್ ಸಿಗದೆ ಪರದಾಡ್ತಿದ್ದ ಜರ್ಮನರು ಯೂಮೋ 004 ಇಂಜಿನ್ನಿಗೆ ಟೊಳ್ಳು ಬ್ಲೇಡ್ ಮಾಡಿ, ಒಳಗೆ ಕಂಪ್ರೆಸರ್ ಗಾಳಿ ಹಾಯಿಸಿದ್ರು. ಯುದ್ಧದ ಮಧ್ಯೆ ಅವರಿಗೆ ಆದದ್ದು ನಮಗೆ ಎಂಟನೇ ಸೆಮಿಸ್ಟರಿನಲ್ಲಿ ಆಗಲ್ವಾ? ಕಂಪ್ರೆಸರ್ ಔಟ್‌ಲೆಟ್ ಹತ್ತಿರ 3 ಎಂಎಂ ತೂತು ಕೊರೆದು, ಸಣ್ಣ ಪೈಪಿನಲ್ಲಿ ಗಾಳಿ ತಂದು ಮೋಟರಿನ ಒಂದು ತುದಿಗೆ ಬಿಟ್ವಿ. ರೋಟರಿನ ಸುತ್ತ ಹಾದು ಇನ್ನೊಂದು ತುದಿಯಿಂದ ಅದು ಹೊರಗೆ ಬರಬೇಕು. ಹೊರಗೆ ಬರುವ ಕಡೆ ಒಂದು ಥರ್ಮೋಕಪಲ್.

40,000ದಲ್ಲಿ 88 ಡಿಗ್ರಿ ತೋರಿಸ್ತು. 52,000ದಲ್ಲಿ 118. ಬಳ್ಳಾರಿಯವನು "ಗಾಳಿ ಸಾಲ್ತಿಲ್ಲ ಕಣ್ರೋ, ತೂತು ದೊಡ್ಡದು ಮಾಡ್ರಿ" ಅಂದ. ಕೈಗೆ ಸಿಕ್ಕ ಡ್ರಿಲ್ ಬಿಟ್ 4.2 ಎಂಎಂ. ತೂತಿನ ವಿಸ್ತೀರ್ಣ ಹೆಚ್ಚುಕಮ್ಮಿ ಎರಡರಷ್ಟಾಯ್ತು, 118 ಇದ್ದದ್ದು 95ಕ್ಕೆ ಇಳೀತು. ಕ್ಯಾಂಟೀನಿಗೆ ಹೋಗಿ ಮಸಾಲೆ ದೋಸೆ ತಿಂದ್ವಿ. ವೈಂಡಿಂಗಿನ ಇನ್ಸುಲೇಷನ್ 155 ಡಿಗ್ರಿ ತಡೆಯುತ್ತೆ, ಇನ್ನೇನು ಚಿಂತೆ ಅಂದುಕೊಂಡು ಮಧ್ಯಾಹ್ನ 60,000ಕ್ಕೆ ಏರಿಸಿದ್ವಿ.

ಶಬ್ದ ಏನೂ ಬರಲಿಲ್ಲ, ಹೊಗೆಯೂ ಇಲ್ಲ. ಕರೆಂಟ್ ಮಾತ್ರ ಮೆಲ್ಲಗೆ ಏರ್ತಾ ಹೋಯ್ತು, ಸ್ಪೀಡ್ ನಿಲ್ಲಲಿಲ್ಲ. ಆಫ್ ಮಾಡಿ, ಆರಿದ ಮೇಲೆ ರೋಟರನ್ನು ಡ್ರಿಲ್ ಮಷೀನಿನಿಂದ ತಿರುಗಿಸಿ ವೋಲ್ಟೇಜ್ ನೋಡಿದರೆ, ಮೊದಲು ಬರ್ತಿದ್ದರ ಮುಕ್ಕಾಲು ಭಾಗವೂ ಇಲ್ಲ. ಮ್ಯಾಗ್ನೆಟ್ ಸತ್ತಿತ್ತು. ಫೈನಲ್ ರಿವ್ಯೂಗೆ ಒಂಬತ್ತು ದಿನ.

ಗೈಡ್ ಸರ್ ಬೈಯಲಿಲ್ಲ. ರಿಗ್ ಸುತ್ತ ಒಂದು ರೌಂಡ್ ಬಂದು, ಪೈಪ್ ಮುಟ್ಟಿ, "ಈ ತಂಪು ಗಾಳಿ ಎಲ್ಲಿಂದ ಬರ್ತಿದೆ ಅಂದ್ರಿ? ಬರುವಾಗ ಅದರ ಟೆಂಪರೇಚರ್ ಎಷ್ಟಿತ್ತು?" ಅಂತ ಕೇಳಿದ್ರು. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಗಾಳಿ ಹೊರಗೆ ಹೋಗುವ ಕಡೆ ಅಳೆದಿದ್ವಿ. ಒಳಗೆ ಬರುವ ಕಡೆ ಯಾರೂ ಅಳೆದಿರಲಿಲ್ಲ. ಗಾಳಿ ಅಂದರೆ ತಂಪು ಅಂತ ಮನಸ್ಸಿನಲ್ಲೇ ಕೂತುಬಿಟ್ಟಿತ್ತು.

ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಥರ್ಮೋ ಪುಸ್ತಕ ತೆಗೆದ್ವಿ. ರೂಮಿನ ಗಾಳಿ 27 ಡಿಗ್ರಿ. ಅದನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ, ಕಂಪ್ರೆಸರಿನ ದಕ್ಷತೆ 65 ಶೇಕಡ ಅಂತಿಟ್ಟುಕೊಂಡರೆ, ಹೊರಬರುವ ಗಾಳಿ 84 ಡಿಗ್ರಿ. ನಮ್ಮ ಮ್ಯಾಗ್ನೆಟ್ಟಿನ ಮಿತಿ 80! ಅಂದರೆ ಗುರಿ ಮುಟ್ಟಿದ್ದರೆ, ಮೋಟರಿನಲ್ಲಿ ಒಂದು ವಾಟ್ ಶಾಖ ಹುಟ್ಟದೇ ಇದ್ದರೂ ಆ 'ತಂಪು' ಗಾಳಿಯೇ ಮ್ಯಾಗ್ನೆಟ್ಟನ್ನು ಮುಗಿಸ್ತಿತ್ತು. ಜೆಟ್ ಇಂಜಿನ್ನಿನಲ್ಲಿ ಇದೇ ಉಪಾಯ ನಡೆಯುತ್ತೆ, ಯಾಕಂದರೆ ಅಲ್ಲಿ ಬ್ಲೇಡಿಗೆ ಬಡಿಯುವ ಗ್ಯಾಸ್ 1,500 ಡಿಗ್ರಿಗೂ ಮೇಲೆ. 600 ಡಿಗ್ರಿಯ ಗಾಳಿಯೂ ಅಲ್ಲಿ ತಂಪೇ. ಉಪಾಯ ಕದ್ದ ನಾವು ಅದರ ಲೆಕ್ಕ ಅಲ್ಲೇ ಬಿಟ್ಟು ಬಂದಿದ್ವಿ.

ಇನ್ನೂ ಒಂದು ಲೆಕ್ಕ ಹಾಸನದವಳು ಮಾಡಿದಳು. ನಮ್ಮ ಕಂಪ್ರೆಸರಿನಲ್ಲಿ ಸೆಕೆಂಡಿಗೆ 40 ಗ್ರಾಂ ಗಾಳಿ ಹೋಗುತ್ತೆ, ಅದಕ್ಕೆ ಬೇಕಾದದ್ದು ಸುಮಾರು 2.3 ಕಿಲೋವಾಟ್. ಅದರಲ್ಲಿ 5 ಶೇಕಡ, ಅಂದರೆ 2 ಗ್ರಾಂ, ತೂತಿನಿಂದ ತೆಗೆದರೆ 115 ವಾಟ್ ಕೊಟ್ಟು ಒತ್ತಿದ ಗಾಳಿಯನ್ನು ಹೊರಗೆ ಚೆಲ್ಲಿದ ಹಾಗೆ. ಆ 2 ಗ್ರಾಂ ಮೇಲೆ 200 ವಾಟ್ ಹೇರಿದರೆ ಅದು ಇನ್ನೂ 100 ಡಿಗ್ರಿ ಏರುತ್ತೆ. ಅದೇ ಗಾಳಿಯನ್ನು ಕಂಪ್ರೆಸರಿಗೆ ಹೋಗುವ *ಮೊದಲೇ* ಮೋಟರಿನ ಮೇಲೆ ಹಾಯಿಸಿದರೆ? ಆಗ ಇಡೀ 40 ಗ್ರಾಂ ಸಿಗುತ್ತೆ, ಏರೋದು 5 ಡಿಗ್ರಿ. ಇದೂ ಪುಕ್ಕಟೆ ಅಲ್ಲ. ಬಿಸಿಯಾದ ಗಾಳಿಯನ್ನು ಒತ್ತೋದಕ್ಕೆ ಜಾಸ್ತಿ ಶಕ್ತಿ ಬೇಕು. ಆದರೆ 300 ಕೆಲ್ವಿನ್ ಮೇಲೆ 5 ಅಂದರೆ ಎರಡು ಶೇಕಡಕ್ಕೂ ಕಡಿಮೆ, ಸುಮಾರು 38 ವಾಟ್. ಅಮೆರಿಕದ ಕ್ಯಾಪ್‌ಸ್ಟೋನ್ ಕಂಪನಿಯ 30 ಕಿಲೋವಾಟಿನ ಮೈಕ್ರೋಟರ್ಬೈನ್ 96,000 ಆರ್‌ಪಿಎಂನಲ್ಲಿ ತಿರುಗುತ್ತೆ. ಅದರ ಜನರೇಟರ್ ತಂಪಾಗೋದು ಹೀಗೇ, ಒಳಗೆ ಹೋಗ್ತಿರುವ ಗಾಳಿಯಿಂದ. ಅದರ ಚಿತ್ರ ಪಿಪಿಟಿಯಲ್ಲಿ ಹಾಕಿಕೊಂಡೇ ಓಡಾಡ್ತಿದ್ವಿ. ಬಾಣದ ಗುರುತು ಯಾವ ಕಡೆಯಿಂದ ಹೊರಟಿದೆ ಅಂತ ನೋಡಿರಲಿಲ್ಲ.

ಜಗಳ ಶುರುವಾದದ್ದು ರಿಪೋರ್ಟ್ ಬರೆಯುವಾಗ. 52,000ದವರೆಗಿನ ಗ್ರಾಫ್ ಇದೆ, ಅದನ್ನೇ 80,000ದವರೆಗೆ ಎಳೆದುಬಿಡೋಣ, ಎಕ್ಸ್‌ಟರ್ನಲ್ ಯಾರೂ ಕೇಳಲ್ಲ ಅನ್ನೋದು ನಮ್ಮಲ್ಲಿ ಇಬ್ಬರ ವಾದ. ಹಾಸನದವಳು ಎಂಟೆಕ್‌ಗೆ ಅರ್ಜಿ ಹಾಕಿದ್ದಳು, ಗ್ರೇಡ್ ಹೆಚ್ಚು ಬೇಕಾಗಿದ್ದದ್ದು ಅವಳಿಗೇ. ಅವಳೇ ಬೇಡ ಅಂದಳು. "ಎಳೆಯೋ ಗೆರೆ ಮೇಲೆ 84 ಡಿಗ್ರಿ ಅಂತ ಬರೀತೀರಾ, ಇಲ್ವಾ?" ಅಂತ ಕೇಳಿದಳು. ಎರಡು ದಿನ ಬಳ್ಳಾರಿಯವನು ನಮ್ಮ ಜೊತೆ ಊಟಕ್ಕೆ ಬರಲಿಲ್ಲ. ಕಳೆದುಕೊಂಡದ್ದು ಅವನ ದುಡ್ಡು, ಅವನ ಸಿಟ್ಟಿನಲ್ಲಿ ತಪ್ಪೇನಿರಲಿಲ್ಲ. ಮೂರನೇ ದಿನ ಅವನೇ ಲ್ಯಾಬಿಗೆ ಬಂದು, ಏನೂ ಮಾತಾಡದೆ 4.2ರ ತೂತಿಗೆ ಎಂ5 ಟ್ಯಾಪ್ ಹಾಕಿ ಬೋಲ್ಟ್ ತಿರುಗಿಸಿದ.

ಉಳಿದ ದಿನಗಳಲ್ಲಿ ಮೋಟರಿನ ಸುತ್ತ ಒಂದು ತೋಳು ತ್ರೀಡಿ ಪ್ರಿಂಟ್ ಮಾಡಿ, ಸಕ್ಷನ್ ಗಾಳಿ ಅದರೊಳಗಿಂದಲೇ ಬರೋ ಹಾಗೆ ಮಾಡಿದ್ವಿ. ಅರೆಜೀವದ ರೋಟರ್ 40,000ಕ್ಕಿಂತ ಮೇಲೆ ಹೋಗಲಿಲ್ಲ. ರೂಮಿನ ಗಾಳಿ ಅವತ್ತು 31, ಮೋಟರ್ ದಾಟಿದ ಮೇಲೆ 34. ಅದೇ ಸ್ಪೀಡಿನಲ್ಲಿ ಹಿಂದೆ 88 ಬಂದಿತ್ತು ಅಂತ ಹೇಳಿದ್ನಲ್ಲ, ಎರಡನ್ನೂ ಒಂದೇ ಟೇಬಲ್ಲಿನಲ್ಲಿ ಹಾಕಿದ್ವಿ. 60,000ದಲ್ಲಿ ಏನಾಯ್ತು ಅನ್ನೋದೂ ಒಂದು ಪುಟ.

ರಿವ್ಯೂನಲ್ಲಿ ಎಕ್ಸ್‌ಟರ್ನಲ್ ಮೇಷ್ಟ್ರು ಆ ಪುಟದ ಮೇಲೇ ಇಪ್ಪತ್ತು ನಿಮಿಷ ಕೂತರು. ಗಾಳಿಯ ಬದಲು ಒತ್ತಡದ ಕಾರ್ಬನ್ ಡೈಆಕ್ಸೈಡ್ ಇದ್ದಿದ್ದರೆ ಏನಾಗ್ತಿತ್ತು ಅಂತ ಕೇಳಿದ್ರು. ನಮಗೆ ಗೊತ್ತಿರಲಿಲ್ಲ. ಅವರೇ ಹೇಳಿದ್ರು: ಕ್ರಿಟಿಕಲ್ ಪಾಯಿಂಟ್ ಹತ್ತಿರ ಅದರ ಸಾಂದ್ರತೆ ಗಾಳಿಯ ನೂರಾರು ಪಟ್ಟು, ಉಜ್ಜಾಟವೂ ಅದೇ ಲೆಕ್ಕದಲ್ಲಿ ಏರುತ್ತೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಅದಕ್ಕೇ ರೋಟರಿನ ಸುತ್ತಲಿನ ಗ್ಯಾಸನ್ನು ಬೇರೆ ಪಂಪಿನಿಂದ ಹೊರಗೆ ಎಳೆದು ಅಲ್ಲಿ ಒತ್ತಡ ಇಳಿಸ್ತಾರೆ. ನಮ್ಮ ಐಐಎಸ್‌ಸಿಯಲ್ಲೂ ಇಂಥದ್ದೇ ಕಾರ್ಬನ್ ಡೈಆಕ್ಸೈಡ್ ಲೂಪ್ ಕಟ್ಟಿದ್ದಾರೆ, ಹೋಗಿ ನೋಡಿ ಅಂದ್ರು.

ಟಾಪ್ ಗ್ರೇಡ್ ಬರಲಿಲ್ಲ, ಅದರ ಕೆಳಗಿನದು ಬಂತು. ರಿಗ್ಗನ್ನು ಈ ವರ್ಷದ ಟೀಮಿಗೆ ಕೊಟ್ಟಿದ್ದೀವಿ. ಸಮೇರಿಯಂ ಕೋಬಾಲ್ಟ್ ರೋಟರಿಗೆ ಅವರು ದುಡ್ಡು ಕೂಡಿಸ್ತಿದ್ದಾರೆ, ಬಳ್ಳಾರಿಯವನು ಮೊದಲ ಸಂಬಳದಲ್ಲಿ ಎರಡು ಸಾವಿರ ಕಳಿಸಿದ್ದಾನೆ. ಜೊತೆಗೊಂದು ಮೆಸೇಜ್: ಬೋಲ್ಟ್ ಬಿಚ್ಚಬೇಡ್ರಿ.