ಎರಡು ಕೈಬರಹದ ನೋಟುಪುಸ್ತಕ

ಪಡುಬಿದ್ರಿಯನ್ನು ನಾನು ಮೊದಲು ಕಂಡದ್ದಲ್ಲ, ಎಡವಿದ್ದು. ಮುಂಬಯಿಯ ಫೋರ್ಟಿನಲ್ಲಿ, ಮುನ್ಸಿಪಲ್ ಶಾಲೆಯೊಂದರ ಎರಡನೆಯ ಮಾಳಿಗೆಯಲ್ಲಿ, ಹಗಲು ಎಂಟು-ಒಂಬತ್ತು ವರ್ಷದ ಮಕ್ಕಳು ಕೂರುವ ಬೆಂಚಿನಲ್ಲಿ ಅವನು ಕೂತಿದ್ದ. ಕಾಲು ಒಳಗೆ ಹಿಡಿಸದೆ ಎರಡೂ ಮೊಣಕಾಲು ನಡುವಿನ ದಾರಿಗೆ ಚಾಚಿಕೊಂಡಿದ್ದವು. ನಾನು ಮುಗ್ಗರಿಸಿದೆ, ಅವನು ತುಳುವಿನಲ್ಲಿ ಬೈದ. ಊರು ಬಿಟ್ಟು ಎರಡು ವಾರ ಆಗಿತ್ತು. ಧಣಿಯಲ್ಲದ ಒಬ್ಬ ಮನುಷ್ಯ ನನ್ನ ಭಾಷೆಯಲ್ಲಿ ನನ್ನನ್ನು ಬೈದದ್ದು ಅದೇ ಮೊದಲು. ಖುಷಿಯಾಗಿ ಅವನ ಪಕ್ಕದಲ್ಲೇ ಕೂತೆ. 1969ರ ಜೂನ್ ಅದು, ನನಗೆ ಹದಿನಾಲ್ಕು.

ಅವನ ಹೆಸರು ಬೇರೆ ಇತ್ತು. ಹಾಜರಿ ಪುಸ್ತಕದಲ್ಲಿ ಶೆಟ್ಟಿ, ಪೂಜಾರಿ, ಕೋಟ್ಯಾನ್, ಬಂಗೇರ, ರಾವ್ ಎಂದು ಎಲ್ಲ ಇದ್ದೆವು. ಮಾಸ್ಟ್ರು ಕರೆಯುವಾಗ ಹಾಗೆಯೇ ಕರೆಯುತ್ತಿದ್ದರು. ಆದರೆ ಒಂದೇ ಕೋಣೆಯಲ್ಲಿ ಆರು ಶೆಟ್ಟಿ, ನಾಲ್ಕು ಪೂಜಾರಿ ಇದ್ದರೆ ಕೂಗಿದ್ದು ಯಾರನ್ನು ಎಂದು ತಿಳಿಯಬೇಕಲ್ಲ! ಹಾಗಾಗಿ ನಾವು ನಾವೇ ಊರಿನ ಹೆಸರು ಇಟ್ಟುಕೊಂಡೆವು. ಅವನು ಪಡುಬಿದ್ರಿ, ನಾನು ಬೆಳ್ಮಣ್, ಹಿಂದಿನ ಬೆಂಚಿನವನು ಕಟಪಾಡಿ. ಜಾತಿಯನ್ನು ಹಿಂದೆ ಬಿಟ್ಟು ಊರನ್ನು ಮುಂದೆ ಮಾಡಿದ್ದು ದೊಡ್ಡ ಆದರ್ಶದಿಂದೇನೂ ಅಲ್ಲ, ಗೊಂದಲ ತಪ್ಪಲಿ ಎಂದು. ಆದರೂ ಅದರ ಫಲ ನಮಗೆ ಬಹಳ ಕಾಲ ಸಿಕ್ಕಿತು.

ಇಂಥ ಕನ್ನಡ ರಾತ್ರಿ ಶಾಲೆಗಳು ಮುಂಬಯಿಯಲ್ಲಿ ಹಲವಿದ್ದವು. ಊರಿನಿಂದ ಮೊದಲು ಹೋಗಿ ನೆಲೆ ನಿಂತವರು ಸಂಘ ಕಟ್ಟಿದರು, ಸಂಘ ಶಾಲೆ ನಡೆಸಿತು. ಮೊಗವೀರರು 1902ರಲ್ಲಿ ವ್ಯವಸ್ಥಾಪಕ ಮಂಡಳಿ ಮಾಡಿಕೊಂಡು, 1908ರಷ್ಟು ಹಿಂದೆಯೇ ಉಚಿತ ರಾತ್ರಿ ಶಾಲೆ ತೆರೆದಿದ್ದರು. ಬಿಲ್ಲವರ ಅಸೋಸಿಯೇಶನ್ನಿನದು ಗುರುನಾರಾಯಣ ರಾತ್ರಿ ಪ್ರೌಢಶಾಲೆ. ಕಟ್ಟಿದ್ದು ಒಂದೊಂದು ಸಮಾಜದವರು, ಬಾಗಿಲು ಮಾತ್ರ ಎಲ್ಲರಿಗೂ ತೆರೆದಿತ್ತು. ನಾನು ಕಲಿತ ಶಾಲೆ ಯಾವುದೆಂದು ಹೇಳಹೋಗುವುದಿಲ್ಲ. ಹೇಳಿದರೆ ಇನ್ನೊಂದು ಶಾಲೆಯವನು "ನಮ್ಮಲ್ಲೂ ಹೀಗೇ ಇತ್ತಲ್ಲ ಮಾರಾಯ" ಎಂದು ಜಗಳಕ್ಕೆ ಬರುತ್ತಾನೆ.

ನಮ್ಮ ದಿನ ಬೆಳಿಗ್ಗೆ ನಾಲ್ಕೂವರೆಗೆ ಶುರು. ನಾನಿದ್ದದ್ದು ಬಲ್ಲಾರ್ಡ್ ಎಸ್ಟೇಟಿನ ಆಫೀಸೊಂದರ ಕ್ಯಾಂಟೀನಿನಲ್ಲಿ. ಮೊದಲ ವರ್ಷ ಮೋರಿಯ ಬಳಿ ಕೂತು ಕಪ್ಪು-ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಮಹಡಿ ಮಹಡಿಗೆ ಚಾ ಹಂಚುವುದು. ಮಲಗುವುದೂ ಅಲ್ಲೇ, ಟೇಬಲ್ ಜೋಡಿಸಿ ಅದರ ಮೇಲೆ. ರಾತ್ರಿ ಶಾಲೆಗೆ ಹೆಚ್ಚಾಗಿ ಬರುತ್ತಿದ್ದವರು ಕ್ಯಾಂಟೀನ್ ಹುಡುಗರೇ, ಏಕೆಂದರೆ ಆಫೀಸು ಬಿಟ್ಟ ಮೇಲೆ ಕ್ಯಾಂಟೀನಿಗೆ ಕೆಲಸವಿಲ್ಲ. ಬೀದಿಯ ಹೋಟೆಲಿನ ಹುಡುಗರಿಗೆ ಸಂಜೆಯೇ ಗಿರಾಕಿ ಜಾಸ್ತಿ. ಧಣಿ ಒಳ್ಳೆಯವರಾಗಿದ್ದರೆ ಮಾತ್ರ ಅವರಿಗೆ ಮೆಟ್ರಿಕ್ ಯೋಗ. ಆರೂವರೆಗೆ ಕೈಗೆ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಈರುಳ್ಳಿ ವಾಸನೆ ಹೋಗುತ್ತಿರಲಿಲ್ಲ. ತರಗತಿಯೆಂದರೆ ಸೀಮೆಸುಣ್ಣ, ಈರುಳ್ಳಿ ಮತ್ತು ಬೆವರು.

ಕಲಿಯುತ್ತಿದ್ದದ್ದು ಮಹಾರಾಷ್ಟ್ರದ ಪಾಠ, ಕನ್ನಡದಲ್ಲಿ. ರಾಯಗಡ, ಪ್ರತಾಪಗಡಗಳ ಹೆಸರು ನನಗೆ ಬಾಯಿಪಾಠವಾಗಿತ್ತು, ನಮ್ಮ ಬಾರಕೂರಿನ ಕೋಟೆಯ ಬಗ್ಗೆ ಒಂದಕ್ಷರ ಗೊತ್ತಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಈ ಕನ್ನಡ ಶಾಲೆಯಲ್ಲಿ ಮನೆಮಾತು ಕನ್ನಡವಾದವರೇ ಇರಲಿಲ್ಲ ಎನ್ನಬಹುದು. ತುಳು, ಕೊಂಕಣಿ, ಹೆಚ್ಚೆಂದರೆ ಒಂದಿಬ್ಬರದು ಮಲಯಾಳ. ಹುಟ್ಟಿದಂದಿನಿಂದ ಕನ್ನಡ ಆಡಿದವನು ಕುಂದಾಪುರದವನೊಬ್ಬ. ಮಾಸ್ಟ್ರು ತಿದ್ದುತ್ತಿದ್ದದ್ದು ಅವನ ಕನ್ನಡವನ್ನೇ! ನಾವು ಪುಸ್ತಕದಲ್ಲಿದ್ದಂತೆ "ಹೋಗುತ್ತೇನೆ, ಬರುತ್ತೇನೆ" ಎನ್ನುವವರು ಜಾಣರೆನಿಸಿಕೊಂಡೆವು; ಅವನು "ಹೋತೆ, ಬತ್ತೆ" ಎಂದು ಬೆಂಚಿನ ಮೇಲೆ ನಿಂತ. ಆ ಅನ್ಯಾಯವನ್ನು ಅವನು ಇವತ್ತಿಗೂ ಮರೆತಿಲ್ಲ.

ಮಾಸ್ಟ್ರುಗಳೂ ನಮ್ಮಂತೆಯೇ ದಣಿದವರು. ಹಗಲು ಬ್ಯಾಂಕಿನ ಲೆಡ್ಜರ್ ಬರೆದು ಬಂದವರು, ಇಲ್ಲವೇ ಬೇರೆ ಶಾಲೆಯಲ್ಲಿ ಆರು ಪಿರಿಯಡ್ ಮುಗಿಸಿ ಬಂದವರು. ಕನ್ನಡದ ಮಾಸ್ಟ್ರು ಒಂದು ಕಾನೂನು ಮಾಡಿದ್ದರು: ನಿದ್ದೆ ಹೋದವನನ್ನು ಯಾರೂ ಎಬ್ಬಿಸಬಾರದು, ಪಕ್ಕದವನು ಅವನ ಪುಸ್ತಕದಲ್ಲೂ ಬರೆದಿಡಬೇಕು. ನನಗೆ ಎಂಟು ಗಂಟೆಗೆ ಸರಿಯಾಗಿ ಕಣ್ಣು ಮುಚ್ಚುತ್ತಿತ್ತು. ಎಚ್ಚರವಾದಾಗ ನನ್ನ ನೋಟುಪುಸ್ತಕದಲ್ಲಿ ಪಡುಬಿದ್ರಿಯ ಬಲಕ್ಕೆ ವಾಲಿದ ಅಕ್ಷರಗಳಲ್ಲಿ ಒಂದು ಪುಟ ತುಂಬಿರುತ್ತಿತ್ತು. ಒಂಬತ್ತರ ಹೊತ್ತಿಗೆ ಅವನು ತೂಕಡಿಸುವನು, ಆಗ ನನ್ನ ಸರದಿ. ನನ್ನ ಅಕ್ಷರ ದುಂಡಗೆ, ದೊಡ್ಡದು. ನೀರಿನಲ್ಲಿ ನೆನೆದ ಬೆರಳಿಗೆ ಪೆನ್ನು ಜಾರುತ್ತಿದ್ದುದರಿಂದ ಒತ್ತಿ ಬರೆದು ಹಿಂದಿನ ಪುಟಕ್ಕೂ ಮೂಡುತ್ತಿತ್ತು.

ಒಂಬತ್ತೂವರೆಗೆ ಗಂಟೆ. ಮೆಟ್ಟಿಲಿಳಿಯುವಾಗ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದ ಮಾತು ಒಂದೇ: "ವಣಸ್ ಆಂಡಾ?" ಊಟ ಆಯಿತಾ ಎಂದು. ಅದು ಕುಶಲಪ್ರಶ್ನೆಯಲ್ಲ, ನಿಜವಾದ ವಿಚಾರಣೆ. ಕೆಲವು ಕಡೆ ಶಾಲೆಗೆ ಹೋದವನಿಗೆ ಅನ್ನ ಎತ್ತಿಡುತ್ತಿರಲಿಲ್ಲ. ಎತ್ತಿಟ್ಟಿದ್ದ ಕ್ಯಾಂಟೀನಿಗೆ ಉಳಿದವರೂ ಹೋಗುವುದು, ಸಾರಿಗೆ ನೀರು ಸೇರಿಸಿ ಹಂಚಿಕೊಳ್ಳುವುದು.

ಊಟವಾದ ಮೇಲೆ ಇನ್ನೊಂದು ಕೆಲಸ ಕಾದಿರುತ್ತಿತ್ತು. ಭಟ್ಟಿಯ ಮುಂದೆ ನಿಲ್ಲುವ ಹಿರಿಯರಿಗೆ ಓದು ಬರಹ ಬಾರದು. ರಾತ್ರಿ ಶಾಲೆಯ ಹುಡುಗ ಇಡೀ ಕ್ಯಾಂಟೀನಿಗೆ ಕಾರಕೂನ. ಮನಿಯಾರ್ಡರ್ ಫಾರಮಿನ ಕೆಳಗೆ ಅಂಗೈಯಷ್ಟು ಜಾಗ. ಅದರಲ್ಲಿ ಗದ್ದೆಯ ಗೇಣಿ, ತಂಗಿಯ ಮದುವೆ, ಎಮ್ಮೆಯ ಕಾಯಿಲೆ, ಎಲ್ಲ ಹಿಡಿಸಬೇಕು. ಅವರು ತುಳುವಿನಲ್ಲಿ ಹೇಳುವರು, ನಾವು ಕನ್ನಡದಲ್ಲಿ ಬರೆಯುವೆವು, ಊರಿನಲ್ಲಿ ಪೋಸ್ಟಿನವರು ಅದನ್ನು ಮತ್ತೆ ತುಳು ಮಾಡಿ ಓದಿ ಹೇಳುವರು. ಅಡುಗೆಯ ಅಣ್ಣನೊಬ್ಬರು ಹೆಂಡತಿಗೆ ಏನು ಬರೆಯಲಿ ಎಂದರೆ ನಾಚಿಕೊಂಡು, "ನೀನೇ ಏನಾದರೂ ಬರೆ ಮಗ" ಎನ್ನುತ್ತಿದ್ದರು. ಹದಿನೈದರ ಹುಡುಗ ಏನು ಬರೆದಾನು? "ಮಳೆ ಹೇಗಿದೆ" ಎಂದು ಬರೆಯುತ್ತಿದ್ದೆ.

ನಮ್ಮದು ಹನ್ನೊಂದನೆಯ ಇಯತ್ತೆಯ ಹಳೆಯ ಮೆಟ್ರಿಕ್. 1974ರ ಮಾರ್ಚಿನಲ್ಲಿ ಲೆಕ್ಕದ ಪರೀಕ್ಷೆಯ ದಿನ ಧಣಿ ರಜೆ ಕೊಡಲಿಲ್ಲ. ಚಾ ಹಂಚಿ ಓಡಿ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಫೇಲಾದೆ. ಪಡುಬಿದ್ರಿ ಪಾಸು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದಾಗ ಅವನು ತನ್ನ ಕೆಲಸಕ್ಕೆ ರಜೆ ಹಾಕಿ ಬಂದು ನನ್ನ ಚಾ ಕೆಟಲ್ ಹಿಡಿದ. ಆ ದಿನ ಮೂರನೆಯ ಮಹಡಿಯ ಗುಮಾಸ್ತರಿಗೆಲ್ಲ ಸಕ್ಕರೆ ತಪ್ಪಿತ್ತಂತೆ. ನಾನು ಪಾಸಾದೆ. ಮರುವರ್ಷ, 1975ರಲ್ಲಿ, ಹತ್ತನೆಯ ಇಯತ್ತೆಗೇ ಮೆಟ್ರಿಕ್ ಮುಗಿಸುವ ಹೊಸ ಪದ್ಧತಿ ಬಂತು. ಒಂದು ವರ್ಷ ಉಳಿಯಿತೆಂದು ಕಿರಿಯರು ಕುಣಿದರು, ನಮಗೆ ಹೊಟ್ಟೆಕಿಚ್ಚು.

ಆಮೇಲಿನದು ಬೇಗ ಹೇಳಬಹುದು. ಅವನು ಬ್ಯಾಂಕಿಗೆ, ನಾನು ಹಡಗು ಕಂಪನಿಯೊಂದರ ಆಫೀಸಿಗೆ, ಕಟಪಾಡಿ ಸ್ವಂತ ಹೋಟೆಲಿಗೆ. ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ಏಳು ಜನ. ಒಬ್ಬನಿಗೆ ಕೆಲಸ ಸಿಕ್ಕಿದರೆ ಅವನು ಇನ್ನಿಬ್ಬರನ್ನು ಎಳೆದುಕೊಳ್ಳುವುದು, ಒಬ್ಬನ ತಂಗಿಗೆ ಇನ್ನೊಬ್ಬ ಗಂಡು ನೋಡುವುದು. ಆಸ್ಪತ್ರೆಯಲ್ಲಿ ರಕ್ತ ಬೇಕೆಂದರೆ ಕುಂದಾಪುರದವನು ಮೊದಲ ಲೋಕಲ್ ಹಿಡಿದು ಬರುವುದು. ಸಂಘದ ಸಭೆಗಳಲ್ಲಿ ನಾವು ನಮ್ಮ ನಮ್ಮ ಸಮಾಜದವರ ಜೊತೆ ಕೂರುತ್ತಿದ್ದೆವು, ಸುಳ್ಳೇಕೆ. ಕಷ್ಟಕ್ಕೆ ಫೋನ್ ಮಾಡುತ್ತಿದ್ದದ್ದು ಮಾತ್ರ ಬೆಂಚಿನವರಿಗೆ.

ಶಾಲೆ ಸೊರಗಿದ್ದು ನಮ್ಮ ಕಣ್ಣೆದುರಿಗೇ. ಊರೂರಿಗೆ ಹೈಸ್ಕೂಲು ಬಂದ ಮೇಲೆ ಹುಡುಗರು ಎಸ್ಸೆಸೆಲ್ಸಿ ಮುಗಿಸಿಯೇ ಮುಂಬಯಿಗೆ ಇಳಿದರು. ಅನೇಕರು ಮುಂಬಯಿಯಲ್ಲಿ ಇಳಿಯದೆ ದುಬಾಯಿಗೇ ಹಾರಿದರು. ನಮ್ಮ ಮಕ್ಕಳನ್ನು ನಾವೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಹಾಕಿ, ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ ಉಳಿಯಬೇಕೆಂದು ಭಾಷಣ ಮಾಡಿದೆವು. ಫೋರ್ಟಿನ ಆಫೀಸುಗಳು ಬಾಂದ್ರಾ-ಕುರ್ಲಾದ ಗಾಜಿನ ಕಟ್ಟಡಗಳಿಗೆ ಹೊರಟವು, ಅವುಗಳ ಹಿಂದೆ ಕ್ಯಾಂಟೀನೂ. 2006ರ ಅಕ್ಟೋಬರಿನಿಂದ ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾಯಿತು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ, ಹಗಲು ಶಾಲೆಯ ನೌಕರಿ ಇರುವವರು ರಾತ್ರಿ ಶಾಲೆಯಲ್ಲಿ ಕಲಿಸಕೂಡದೆಂದಿತು. ಅಷ್ಟರಲ್ಲಿ ನಮ್ಮ ಶಾಲೆಯಲ್ಲಿ ಕಲಿಸಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಅಳಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಆ ಶಾಲೆ ತುಂಬಬೇಕಾದರೆ ಹನ್ನೆರಡರ, ಹದಿಮೂರರ ಹುಡುಗರು ನಾಲ್ಕೂವರೆಗೆ ಎದ್ದು ಮೋರಿಯ ಬಳಿ ಕೂರಬೇಕು. ನನ್ನ ಮೊಮ್ಮಗನಿಗೆ ಈಗ ಹನ್ನೆರಡು. ಅವನು ತಿಂದ ತಟ್ಟೆಯನ್ನೂ ತೊಳೆಯುವುದಿಲ್ಲ, ನಾನೂ ಹೇಳುವುದಿಲ್ಲ.

ನಿವೃತ್ತನಾಗಿ ಊರಿಗೆ ಬಂದರೂ ವರ್ಷಕ್ಕೊಮ್ಮೆ ಮುಂಬಯಿಗೆ ಮತ್ಸ್ಯಗಂಧ ರೈಲು ಹತ್ತುತ್ತೇನೆ. ಮಾಟುಂಗದಲ್ಲಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಹೋಟೆಲಿನಲ್ಲಿ ಬಾಳೆಲೆಯ ಊಟಕ್ಕೆ ಬ್ಯಾಚಿನವರು ಸೇರುತ್ತೇವೆ. ಮೂವತ್ತೇಳು ಜನ ಇದ್ದವರು ಕಳೆದ ಸಲ ಹನ್ನೊಂದು. ಬಡಿಸುವ ಹುಡುಗ ಅನ್ನ ತರುವುದು ಸ್ವಲ್ಪ ತಡವಾದರೆ ಯಾರೂ ಗೊಣಗುವುದಿಲ್ಲ.

ಈ ಸಲ ನಾನು ಹಳೆಯ ನೋಟುಪುಸ್ತಕ ಒಯ್ದಿದ್ದೆ. ಅಂಚು ಗೆದ್ದಲು ತಿಂದಿದೆ, ಮಧ್ಯದ ಒಂದು ಪುಟದಲ್ಲಿ ಚಾದ ಬಸಿಯ ದುಂಡು ಗುರುತು ಇದೆ. ಊಟವಾಗಿ ಕೈ ತೊಳೆದ ಮೇಲೆ ಪಡುಬಿದ್ರಿಯ ಮುಂದೆ ಇಟ್ಟೆ. ಅವನು ಡೊಂಬಿವಲಿಯಿಂದ ಮಗನ ಕೈ ಹಿಡಿದು ಬಂದಿದ್ದ. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತಷ್ಟೆ. ಪುಟವನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದ. ವಾಲಿದ ಅಕ್ಷರ ಮುಗಿದು ದುಂಡಗಿನದು ಶುರುವಾಗುವಲ್ಲಿ ಬೆರಳಿಟ್ಟ.

"ಇಲ್ಲಿ ನೋಡು, 'ಸಹ್ಯಾದ್ರಿ'ಗೆ ಒತ್ತು ತಪ್ಪಿದೆ. ಇದು ನಿನ್ನದು" ಎಂದ. ಮಗನ ಜೇಬಿನಿಂದ ಪೆನ್ನು ಕೇಳಿ ತಿದ್ದಿದ.