ಐದೆಕರೆಯ ಗೆರೆ

ರಾತ್ರಿ ಎರಡೂವರೆ. ಕೋಯಂಬೇಡು ಮಾರುಕಟ್ಟೆಯ ಗೇಟು ದಾಟುತ್ತಲೇ ನಿಮ್ಮ ಮೂಗಿಗೆ ಬಡಿಯುವುದು ಮೊದಲು ಕೊಳೆತ ಎಲೆಕೋಸು, ಆಮೇಲೆ ಕೊತ್ತಂಬರಿ, ಆಮೇಲೆ ಡೀಸೆಲ್ಲು. ನೆಲ ಒದ್ದೆ, ಚಪ್ಪಲಿ ಅಂಟುತ್ತದೆ. ತಲೆಗೆ ಟವೆಲ್ಲು ಸುತ್ತಿ ಮೂಟೆ ಹೊತ್ತವರು ‘ವಳಿ, ವಳಿ’ ಎನ್ನುತ್ತ ನಿಮ್ಮ ಭುಜ ಸವರಿಕೊಂಡೇ ಓಡುತ್ತಾರೆ; ದಾರಿ ಬಿಡದಿದ್ದರೆ ತಪ್ಪು ನಿಮ್ಮದು. ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಿಂದ 1996ರಲ್ಲಿ ಎತ್ತಿ ತಂದು ಇಲ್ಲಿ ಕೂರಿಸಿದ ಮಾರುಕಟ್ಟೆ ಇದು. ವಿಸ್ತಾರ ಸುಮಾರು 295 ಎಕರೆ. ಇಲ್ಲಿಗೆ ಮಾಲು ಕಳಿಸುವ ಎಷ್ಟೋ ಜನರ ಹೊಲ, ಇಲ್ಲಿ ಲಾರಿಗಳು ನಿಲ್ಲುವ ಜಾಗದಷ್ಟೂ ಇಲ್ಲ.

ಹಿಂಬದಿಯ ಸಾಲಿಗೆ ಬನ್ನಿ. ಟೊಮೆಟೊ ಇಳಿಯುತ್ತಿದೆ. ಇಲ್ಲಿ ಟೊಮೆಟೊ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ತಕ್ಕಾಳಿ ಅನ್ನಬೇಕು. ಕೆಎ 07 ನಂಬರಿನ ಲಾರಿ ಕೋಲಾರದ್ದು. ಅದರ ಬಗಲಿಗೆ ನಿಂತ ಸಣ್ಣ ಗಾಡಿ ಟಿಎನ್ 70, ಹೊಸೂರಿನದು. ಖಾಲಿ ಕ್ರೇಟು ಬೋರಲು ಹಾಕಿಕೊಂಡು ಇಬ್ಬರು ಟೀ ಕುಡಿಯುತ್ತಿದ್ದಾರೆ. ಮಾತು ಕನ್ನಡ. ನಾವೂ ಒಂದೊಂದು ಕ್ರೇಟು ಎಳೆದುಕೊಂಡು ಕೂರೋಣ.

ಒಬ್ಬ ಶ್ರೀನಿವಾಸಪುರ ಕಡೆಯ ಹುಡುಗ, ಮೂವತ್ತರ ಆಸುಪಾಸು. ಇನ್ನೊಬ್ಬರು ಡೆಂಕಣಿಕೋಟೆ ಕಡೆಯ ಹಿರಿಯರು. ಮನೆಮಾತು ಕನ್ನಡ, ಜಮೀನಿನ ಕಾಗದವೆಲ್ಲ ತಮಿಳು. ಹುಡುಗನ ಲೆಕ್ಕ ಗುಂಟೆಯಲ್ಲಿ, ಹಿರಿಯರದ್ದು ಸೆಂಟಿನಲ್ಲಿ.

“ನಿಮ್ಗೇನಣ್ಣ, ತಮಿಳುನಾಡು. ಕರೆಂಟು ಪೂರ್ತಿ ಫ್ರೀ. ಮೋಟ್ರು ಎಷ್ಟು ದೊಡ್ಡದಿದ್ರೂ ಕೇಳೋರಿಲ್ಲ.”

“ಮೋಟ್ರು ಇದ್ರಲ್ವೇನಪ್ಪ ಕೇಳೋದು? ನಮ್ದು ಖುಷ್ಕಿ. ಮಳೆ ಬಂದ್ರೆ ರಾಗಿ. ಈ ತಕ್ಕಾಳಿ ಒಂದೆಕ್ರೆಗೆ ಪಕ್ಕದೋರ ಬಾವಿ ನೀರು. ಬೆಳೇಲಿ ಅವ್ರಿಗೆ ಪಾಲು.”

ಗಮನಿಸಿದಿರಾ? ಸರ್ಕಾರ ಪಕ್ಕದವರ ಬಾವಿಗೆ ಕರೆಂಟನ್ನು ಬಿಟ್ಟಿ ಕೊಡುತ್ತದೆ. ಆ ಕರೆಂಟು ನೀರಾಗಿ ಮೇಲೆ ಬಂದು ಬದು ದಾಟುವಾಗ ಅದಕ್ಕೊಂದು ಬೆಲೆ ಹುಟ್ಟುತ್ತದೆ. ಕೊಡುವವರು ಈ ಹಿರಿಯರು.

ಹುಡುಗನ ಸಂಕಟ ಬೇರೆ. ಅವನದು ಎರಡೇ ಎಕರೆ. ಎಲ್ಲ ಪಟ್ಟಿಯಲ್ಲೂ ಅವನು ಸಣ್ಣ ರೈತ. ಆದರೆ ಕೋಲಾರದ ನೀರು ಇರುವುದು ಪಾತಾಳದಲ್ಲಿ. “ನಮ್ ಬೋರು ಸಾವಿರದ ಇನ್ನೂರು ಅಡಿ. ಕರ್ನಾಟಕದಾಗೆ ಹತ್ತು ಎಚ್‌ಪಿವರ್ಗೂ ಫ್ರೀ. ಅಷ್ಟು ಆಳದಿಂದ ಹತ್ತು ಎಚ್‌ಪಿ ಎತ್ತುತ್ತಾ, ನೀವೇ ಹೇಳಿ.” ಟೀ ಲೋಟ ಕೆಳಗಿಟ್ಟು, ಆಚೀಚೆ ನೋಡಿ, ನಗುತ್ತಾನೆ. “ಮೋಟ್ರು ಮೇಲೆ ಬರ್ದಿರೋದು ಹತ್ತೇ ಬಿಡಿ.”

ಹೀಗೆ ಎರಡು ಖಾಲಿ ಕ್ರೇಟುಗಳ ಮೇಲೆ ಎರಡು ರಾಜ್ಯದ ಗೆರೆಗಳು ಎದುರುಬದುರು ಕೂತಿವೆ. ಕರ್ನಾಟಕ ಗೆರೆ ಎಳೆದದ್ದು ಮೋಟಾರಿನ ಮೇಲೆ. ತಮಿಳುನಾಡಿನಲ್ಲಿ ವಿದ್ಯುತ್ತಿಗೆ ಈಗ ಗೆರೆಯೇ ಇಲ್ಲ. ಮೊದಲು ಇತ್ತು: 1984ರಲ್ಲಿ ಎಂಜಿಆರ್ ಸರ್ಕಾರ ಉಚಿತ ವಿದ್ಯುತ್ ಶುರು ಮಾಡಿದಾಗ ಅದು ಸಣ್ಣ ರೈತರಿಗಷ್ಟೇ. ದೊಡ್ಡವರು ಸುಮ್ಮನಿರಲಿಲ್ಲ, ಇರಬೇಕೆಂದೂ ಇಲ್ಲ; ಕೊಯಮತ್ತೂರು ಸೀಮೆಯಲ್ಲಿ ನಾರಾಯಣಸ್ವಾಮಿ ನಾಯ್ಡು ಅವರ ಚಳವಳಿ ಕರೆಂಟು ದರದ ಪೈಸೆ ಲೆಕ್ಕದ ಮೇಲೆಯೇ ಹುಟ್ಟಿದ್ದು, 1972ರಲ್ಲಿ ಎತ್ತಿನ ಗಾಡಿಗಳು ಆ ಊರನ್ನೇ ತುಂಬಿದ್ದವು. 1990ರ ಹೊತ್ತಿಗೆ ಕರುಣಾನಿಧಿ ಸರ್ಕಾರ ಗೆರೆ ಅಳಿಸಿ ಎಲ್ಲ ರೈತರಿಗೂ ಉಚಿತ ಎಂದಿತು. 2003ರಲ್ಲಿ ಜಯಲಲಿತಾ ಅದನ್ನು ಹಿಂತೆಗೆದರು. ಮರುವರ್ಷ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 39 ಸ್ಥಾನವೂ ಅವರ ಕೈಬಿಟ್ಟಿತು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಉಚಿತ ವಿದ್ಯುತ್ ಮರಳಿತು. ಅಂದಿನಿಂದ ಯಾವ ಪಕ್ಷವೂ ಆ ಸ್ವಿಚ್ಚಿಗೆ ಕೈ ಹಾಕಿಲ್ಲ.

ನಾಲ್ಕೂವರೆಗೆ ಮಾಲು ಹೋಯಿತು. ಮಂಡಿಯವರು ಚೀಟಿಯಲ್ಲಿ ಬರೆದ ಮೊತ್ತವನ್ನು ಹಿರಿಯರು ಕಣ್ಣಿನ ಹತ್ತಿರ ತಂದು ಓದುತ್ತಾರೆ, ಮಡಿಸುತ್ತಾರೆ, ಒಳಜೇಬಿಗಿಡುತ್ತಾರೆ. ಎಷ್ಟೆಂದು ನಾವು ಕೇಳುವುದಿಲ್ಲ. ಗಾಡಿ ವಾಪಸಾಗುವುದು ಮಧ್ಯಾಹ್ನ. “ಇಷ್ಟು ವರ್ಷದಿಂದ ಬರ್ತೀನಿ, ಕಡ್ಲು ನೋಡಿಲ್ಲ” ಎನ್ನುತ್ತಾರೆ. ಸರಿ, ಮೂವರೂ ಹೊರಟೆವು: ನೀವು, ನಾನು, ಅವರು.

ಮೊದಲ ಮೆಟ್ರೊ. ಕೋಯಂಬೇಡು ನಿಲ್ದಾಣ ಮೇಲಿದೆ. ಅದು ಬಿಟ್ಟ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಕಿಟಕಿ ಕಪ್ಪಾಗುತ್ತಲೇ ಹಿರಿಯರು ನನ್ನ ಕಡೆ ಬಾಗಿ ಕೇಳುತ್ತಾರೆ: “ಇವ್ರಿಗೆ ಎಷ್ಟು ಅಡೀಲಿ ನೀರು ಸಿಕ್ಕಿರ್ಬೋದು?” ಸೆಂಟ್ರಲ್‌ನಲ್ಲಿ ಇಳಿದು ಬೇರೆ ರೈಲು ಹತ್ತಿ ಒಂದೇ ನಿಲ್ದಾಣ, ಗವರ್ನಮೆಂಟ್ ಎಸ್ಟೇಟ್. ಮೇಲೆ ಬಂದರೆ ವಾಲಾಜಾ ರಸ್ತೆ. ಬೆಳಕು ಹರಿಯುತ್ತಿದೆ. ರಸ್ತೆ ಗುಡಿಸುವವರ ಪೊರಕೆ ಸದ್ದು ಬಿಟ್ಟರೆ ಬೇರೇನಿಲ್ಲ. ಇಲ್ಲಿಂದ ಸಮುದ್ರದವರೆಗಿನ ಹಾದಿಯಲ್ಲಿ, ಹಿರಿಯರು ಹಿಂದೊಮ್ಮೆ ಮಾಡಿದ್ದ ಬೆಳೆಸಾಲದ ಕಥೆಗೆ ಸಂಬಂಧಪಟ್ಟ ಕಟ್ಟಡಗಳು ಒಂದೊಂದಾಗಿ ಸಿಗುತ್ತವೆ. ಅದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು.

ಮೊದಲು ಕಲೈವಾಣರ್ ಅರಂಗಂ. ಕೊರೊನಾ ಕಾಲದಲ್ಲಿ ಸೇಂಟ್ ಜಾರ್ಜ್ ಕೋಟೆಯ ಸಭಾಂಗಣ ಸಾಲದೆ ವಿಧಾನಸಭೆ ಇಲ್ಲಿ ಕೂಡುತ್ತಿತ್ತು. 2021ರ ಫೆಬ್ರುವರಿ 5ರಂದು ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಎದ್ದು ನಿಂತು ಸಹಕಾರಿ ಸಂಘಗಳ 12,110 ಕೋಟಿ ರೂಪಾಯಿ ಬೆಳೆಸಾಲ ಮನ್ನಾ ಎಂದರು, 16.43 ಲಕ್ಷ ರೈತರಿಗೆ. ಮೂರು ವಾರದಲ್ಲಿ ಚುನಾವಣೆಯ ದಿನಾಂಕ ಬಂತು. “ನಿಮ್ಮದೂ ಹೋಯ್ತಾ?” ಎಂದರೆ ಹಿರಿಯರು ತಲೆ ಅಲ್ಲಾಡಿಸುತ್ತಾರೆ. “ಅಷ್ಟೊತ್ಗೆ ಮನೆಯೋಳ ಸರ ಅಡ ಇಟ್ಟು ಕಟ್ಬಿಟ್ಟಿದ್ದೆ. ಕಟ್ಟಿದೋನಿಗೆ ಯಾವ ಮನ್ನಾ?”

ಆ ಸಾಲದ ಕಥೆ ಇನ್ನೂ ಹಿಂದಿನದು. ಚೆಪಾಕ್ ಸ್ಟೇಡಿಯಂ ಬಳಸಿ ಮುಂದೆ ನಡೆಯಿರಿ. ಮದ್ರಾಸ್ ವಿಶ್ವವಿದ್ಯಾಲಯದ ಶತಮಾನೋತ್ಸವ ಸಭಾಂಗಣ. 2016ರ ಮೇ 23, ಸೋಮವಾರ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಇಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪತ್ರಿಕೆಗಳು ಮಾರನೆಯ ದಿನ ಹೆಚ್ಚು ಬರೆದದ್ದು ವಿರೋಧ ಪಕ್ಷದ ಸ್ಟಾಲಿನ್ ಅವರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರ ಬಗ್ಗೆ. ಅದೇ ದಿನ ಕೋಟೆಯ ಸಚಿವಾಲಯಕ್ಕೆ ಹೋಗಿ ಜಯಲಲಿತಾ ಸಹಿ ಹಾಕಿದ ಐದು ಕಡತಗಳಲ್ಲಿ ಒಂದು ಬೆಳೆಸಾಲ ಮನ್ನಾ: 2016ರ ಮಾರ್ಚ್ 31ಕ್ಕೆ ಸಹಕಾರಿ ಸಂಘಗಳಲ್ಲಿ ಬಾಕಿ ಇದ್ದ ಸಾಲ, ಸುಮಾರು 5,780 ಕೋಟಿ, ಸುಮಾರು 16.94 ಲಕ್ಷ ರೈತರು. ಷರತ್ತು ಒಂದೇ. ಎರಡೂವರೆ ಎಕರೆಯೊಳಗಿನ ಅತಿ ಸಣ್ಣವರು, ಐದೆಕರೆಯೊಳಗಿನ ಸಣ್ಣವರು, ಅಷ್ಟಕ್ಕೆ ಮುಗಿಯಿತು.

“ನಂದು ಐದು ಎಕ್ರೆ ನಲ್ವತ್ತು ಸೆಂಟು,” ಎನ್ನುತ್ತಾರೆ ಹಿರಿಯರು, ಸಭಾಂಗಣದ ಕಂಬಗಳನ್ನು ನೋಡುತ್ತ. “ಆ ನಲ್ವತ್ತು ಸೆಂಟು ನನ್ನ ಸಾಲನ ಕಾಪಾಡ್ತು ನೋಡಿ. ಹೋಗೋಕೇ ಬಿಡ್ಲಿಲ್ಲ.”

ಪಕ್ಕದವರದು ಒಂಬತ್ತು ಎಕರೆ. ಬಾವಿ ಇದೆ, ಮೋಟಾರಿದೆ. ಆದರೆ ಮೂವರು ಅಣ್ಣತಮ್ಮಂದಿರು ಮುಂಚೆಯೇ ಪಟ್ಟಾ ಮೂರು ಮಾಡಿಕೊಂಡಿದ್ದರು. ಒಲೆ ಒಂದೇ, ಉಳುಮೆ ಒಟ್ಟಿಗೆ, ಕಾಗದದಲ್ಲಿ ಮಾತ್ರ ಮೂರು ಮೂರು ಎಕರೆಯ ಮೂವರು ಸಣ್ಣ ರೈತರು. ಮೂವರ ಸಾಲವೂ ಮನ್ನಾ. ಈ ಹಿರಿಯರ ಮಗ ಪಟ್ಟಣದ ಕಾರ್ಖಾನೆಯಲ್ಲಿದ್ದಾನೆ. ಅವನ ಹೆಸರಿಗೆ ಒಂದೆಕರೆ ಬರೆದಿದ್ದರೆ ಸಾಕಿತ್ತು. “ಬದುಕಿರೋವಾಗ್ಲೇ ಪಾಲು ಮಾಡೋದು ಅಂದ್ರೆ ನಮ್ ಮನೇಲಿ ಅಪಶಕುನ,” ಎಂದು ಅವರು ಹೇಳಿದ ಧಾಟಿಯಲ್ಲಿ ಪಶ್ಚಾತ್ತಾಪವಿದೆಯೋ ಹೆಮ್ಮೆಯಿದೆಯೋ ತಿಳಿಯುವುದಿಲ್ಲ.

ಗೆರೆ ಕೋರ್ಟಿಗೆ ಹೋಯಿತು. ಒಯ್ದವರು ಅಯ್ಯಾಕಣ್ಣು ಅವರ ರೈತ ಸಂಘದವರು. 2017ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ತಲೆಬುರುಡೆ ಮುಂದಿಟ್ಟುಕೊಂಡು 41 ದಿನ ಕೂತವರು. (ಅವರ ಬೇಡಿಕೆಯಲ್ಲಿ ಕಾವೇರಿಯೂ ಇತ್ತು. ಕಾವೇರಿ ಎಂದ ಕೂಡಲೇ ಎದ್ದು ಹೋಗಬೇಡಿ, ಈ ಬೆಳಗ್ಗೆ ನಮ್ಮ ಮಾತು ಅದಲ್ಲ.) ಅವರು ಅಲ್ಲಿ ಕೂತಿದ್ದಾಗಲೇ, ಏಪ್ರಿಲ್ 4ರಂದು, ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಮನ್ನಾವನ್ನು ಎಲ್ಲ ರೈತರಿಗೂ ವಿಸ್ತರಿಸಿ ಎಂದಿತು. ಬರ ಬಂದಾಗ ಏಳೆಕರೆಯವನ ಬೆಳೆಯೂ ಒಣಗುತ್ತದೆ, ಅವನ ಸಾಲ ಇನ್ನೂ ದೊಡ್ಡದು ಎಂಬುದು ರೈತರ ವಾದ. ಸರ್ಕಾರದ ಲೆಕ್ಕದಲ್ಲಿ ಇನ್ನೂ ಸುಮಾರು 3 ಲಕ್ಷ ರೈತರು, ಸುಮಾರು 1,980 ಕೋಟಿ ಹೆಚ್ಚಿನ ಹೊರೆ. “ಪಟಾಕಿ ಹೊಡೆದ್ವಿ,” ಎನ್ನುತ್ತಾರೆ ಹಿರಿಯರು. “ಆಡಿ ತಿಂಗಳು ಬರೋಕ್ಮುಂಚೆ ಡೆಲ್ಲಿಯಿಂದ ತಡೆ ಬಂತು.”

ತಡೆ ಬಂದದ್ದು ಆ ಜುಲೈನಲ್ಲಿ. ಕೊನೆಯ ತೀರ್ಪು 2021ರ ನವೆಂಬರ್ 23ಕ್ಕೆ. ಸುಪ್ರೀಂ ಕೋರ್ಟಿನ ಡಿ.ವೈ. ಚಂದ್ರಚೂಡ್ ಮತ್ತು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಎ.ಎಸ್. ಬೋಪಣ್ಣ ಅವರ ಪೀಠ ಹೈಕೋರ್ಟ್ ಆದೇಶ ರದ್ದು ಮಾಡಿತು. ಏಟು ಎಲ್ಲರಿಗೂ ಬಿದ್ದರೂ ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ, ದುರ್ಬಲರನ್ನು ಬೇರೆಯಾಗಿ ಕಾಣುವುದು ಸಮಾನತೆಗೆ ವಿರುದ್ಧವಲ್ಲ ಎಂಬುದು ಅದರ ತಿರುಳು.

ನನ್ನನ್ನು ಕೇಳಿದರೆ ತೀರ್ಪು ಸರಿ. ಖಜಾನೆಯಲ್ಲಿ ಇರುವುದೇ ಇಷ್ಟು ಎಂದಾಗ ಕೆಳಗಿನವರಿಂದ ಶುರು ಮಾಡಬೇಕು. ಆದರೆ ಈ ಮಾತನ್ನು ಪಕ್ಕದಲ್ಲಿ ನಡೆಯುತ್ತಿರುವವರ ಮುಖ ನೋಡಿ ಹೇಳುವುದು ಕಷ್ಟ. ಎಕರೆ ಎಣಿಸುವ ಕೋಲಿಗೆ ಬಾವಿ ಕಾಣುವುದಿಲ್ಲ. ನೀರಿರುವ ಮೂರೆಕರೆ ನೀರಿಲ್ಲದ ಹತ್ತನ್ನು ಕೊಂಡುಕೊಳ್ಳಬಲ್ಲದು. ಇನ್ನೂ ವಿಚಿತ್ರವೆಂದರೆ, ಒಂದು ಸಲದ ಸಾಲಮನ್ನಾಕ್ಕೆ ಐದೆಕರೆಯ ಗೆರೆ ಎಳೆದು ಐದು ವರ್ಷ ವಕೀಲರನ್ನು ನಿಲ್ಲಿಸಿದ ಸರ್ಕಾರವೇ ಪ್ರತಿ ವರ್ಷದ ಕರೆಂಟನ್ನು ಗೆರೆಯಿಲ್ಲದೆ ಹರಿಸುತ್ತದೆ. ಅದರಲ್ಲಿ ದೊಡ್ಡ ಮೋಟಾರಿಗೆ ದೊಡ್ಡ ಪಾಲು, ಮೋಟಾರಿಲ್ಲದವನಿಗೆ ಸೊನ್ನೆ. ಹೊಸ ಸಂಪರ್ಕಕ್ಕೆ ವರ್ಷಗಟ್ಟಲೆ ಸರದಿ. ಕಾಯಲಾರದವರಿಗೆ ತತ್ಕಾಲ್ ಎಂಬ ದಾರಿ ಬಂತು, 5 ಎಚ್‌ಪಿಗೆ ಎರಡೂವರೆ ಲಕ್ಷ ಕಟ್ಟಬೇಕು. ಬಿಟ್ಟಿ ಕರೆಂಟಿಗೆ ಮುಂಗಡ ಎರಡೂವರೆ ಲಕ್ಷ! ಐದೆಕರೆ ನಲವತ್ತು ಸೆಂಟಿನ ಖುಷ್ಕಿ ರೈತ ಅಷ್ಟು ಹಣ ಎಲ್ಲಿಂದ ತರಬೇಕು?

ಈಗ ಎಳಿಲಗಂ ಎದುರು ಬಂದೆವು. ಕಂದಾಯ, ಭೂ ಆಡಳಿತದ ದೊಡ್ಡ ಕಚೇರಿಗಳು ಇಲ್ಲಿವೆ. ಕೃಷಿ ನಿರ್ದೇಶನಾಲಯವೂ ಇದೇ ಚೆಪಾಕಿನಲ್ಲಿ. ಗೇಟು ಇನ್ನೂ ಮುಚ್ಚಿದೆ, ಕಾವಲಿನವರು ಹಲ್ಲುಜ್ಜುತ್ತಿದ್ದಾರೆ. ಡ್ರಿಪ್ ಹಾಕಿಸಿದರೆ ಸಣ್ಣ, ಅತಿ ಸಣ್ಣ ರೈತರಿಗೆ ಶೇ 100 ಸಬ್ಸಿಡಿ, ಉಳಿದವರಿಗೆ ಶೇ 75. ತಹಶೀಲ್ದಾರರ ಸಣ್ಣ ರೈತ ಸರ್ಟಿಫಿಕೇಟು ಬೇಕು. ಮತ್ತೆ ಅದೇ ಐದೆಕರೆ. ಕೇಂದ್ರದ ಪಿಎಂ-ಕಿಸಾನ್ ಕೂಡ 2019ರ ಫೆಬ್ರುವರಿಯಲ್ಲಿ ಎರಡು ಹೆಕ್ಟೇರಿನ ಗೆರೆಯೊಂದಿಗೇ ಹುಟ್ಟಿತ್ತು. ಚುನಾವಣೆ ಮುಗಿದ ಮೇಲಿನ ಮೊದಲ ಸಂಪುಟ ಸಭೆಯಲ್ಲೇ ಗೆರೆ ಅಳಿಸಿ ಭೂಮಿ ಇರುವ ಎಲ್ಲರಿಗೂ ವರ್ಷಕ್ಕೆ 6,000 ರೂಪಾಯಿ ಎಂದರು. ಮರುವರ್ಷ ಇದೇ ರಾಜ್ಯದಲ್ಲಿ ರೈತರೇ ಅಲ್ಲದ ಲಕ್ಷಾಂತರ ಹೆಸರುಗಳು ಆ ಪಟ್ಟಿಯಲ್ಲಿ ಸಿಕ್ಕವು.

ಇಷ್ಟೆಲ್ಲ ಸಣ್ಣ-ದೊಡ್ಡ ಜಗಳ ಯಾವ ನೆಲದ ಮೇಲೆ? 2015-16ರ ಕೃಷಿ ಗಣತಿಯಂತೆ ತಮಿಳುನಾಡಿನ ಸರಾಸರಿ ಹಿಡುವಳಿ 0.75 ಹೆಕ್ಟೇರು, ಎರಡು ಎಕರೆಗೂ ಕಡಿಮೆ. ಕರ್ನಾಟಕದ್ದು 1.36. ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಭಾರತ, ನಮ್ಮ ಹಿಡುವಳಿಗಳಲ್ಲಿ ಶೇ 99.43ರಷ್ಟು ಬಡವರವೇ ಎಂದು ಬರೆದುಕೊಟ್ಟಿದೆ. ಅಲ್ಲಿ ಬಳಸಿದ ಗೆರೆ 10 ಹೆಕ್ಟೇರು. ಜಿನೀವಾದಲ್ಲಿ ಈ ಹಿರಿಯರು ಬಡ ರೈತ. ಚೆನ್ನೈಯಲ್ಲಿ ‘ಇತರೆ’.

ರಸ್ತೆ ದಾಟಿದರೆ ಮರೀನಾ. ಮರಳು ಶುರುವಾಗುತ್ತಲೇ ಹಿರಿಯರು ಚಪ್ಪಲಿ ಕಳಚಿ ಕೈಗೆ ತೆಗೆದುಕೊಳ್ಳುತ್ತಾರೆ. ಕಡಲು ಇನ್ನೂ ದೂರವಿದೆ. ಅವರು ಕಡಲಿನ ಕಡೆ ನೋಡದೆ ಮರಳನ್ನೇ ನೋಡುತ್ತಿದ್ದಾರೆ. “ಇಷ್ಟು ಅಗ್ಲ ಬಿಟ್ಟವ್ರಾ?” ಎನ್ನುತ್ತಾರೆ. ಆಮೇಲೆ, ನಾವು ಕೇಳದೆಯೇ, “ನಲ್ವತ್ತು ಸೆಂಟು ಎಷ್ಟು ಅಂತ ತೋರಿಸ್ಲಾ?”

ಹಿಮ್ಮಡಿಯಿಂದ ಮರಳು ಗೀಚುತ್ತ ಹೆಜ್ಜೆ ಎಣಿಸುತ್ತಾರೆ. ಐವತ್ತಕ್ಕೂ ಮೇಲೆ ಒಂದಿಷ್ಟು ಹೆಜ್ಜೆ ಉದ್ದಕ್ಕೆ, ಮುಚ್ಚಿದ ಸುಂಡಲ್ ಗಾಡಿಯ ತನಕ. ಅಲ್ಲಿ ತಿರುಗಿ ಅಷ್ಟೇ ಹೆಜ್ಜೆ ಅಡ್ಡಕ್ಕೆ. ಮೂರನೆಯ ಬದಿ ಎಳೆಯುವಾಗ ಉಸಿರು ಬಿಡುತ್ತ ನಿಲ್ಲುತ್ತಾರೆ, ಪಂಚೆ ಎತ್ತಿ ಕಟ್ಟಿ ಮುಂದುವರಿಯುತ್ತಾರೆ. ಗೆರೆ ಒಂದಿಷ್ಟು ಸೊಟ್ಟಗಾಗಿದೆ. ಮಧ್ಯದಲ್ಲಿ ಹುಡುಗರು ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರು ಮಾಡಿದ್ದಾರೆ. ಬೌಲಿಂಗಿಗೆ ಓಡಿ ಬಂದವನು ಅರ್ಧದಲ್ಲಿ ನಿಂತು ಕೈ ಬೀಸುತ್ತಾನೆ: “ತಾತಾ, ಕೊಂಜಂ ತಳ್ಳಿ ನಿಲ್ಲುಂಗ!”

ಹಿರಿಯರು ತಾವು ಎಳೆದ ಗೆರೆಯಿಂದ ಎರಡು ಹೆಜ್ಜೆ ಆಚೆ ಸರಿದು ನಿಲ್ಲುತ್ತಾರೆ.