ಗುಂಡಿ ಖಾಲಿ ಮಾಡಿಸುವ ಲೆಕ್ಕ

ನಮ್ಮ ಬಡಾವಣೆಯಲ್ಲಿ ಯಾವ ಕರೆಂಟು ಕಂಬದ ಮುಂದೆ ನಿಂತರೂ ಮೂರು ಜಾಹೀರಾತು ಕಾಣುತ್ತವೆ: ಪಿಜಿ ಖಾಲಿ ಇದೆ, ಮೂಲವ್ಯಾಧಿಗೆ ಚಿಕಿತ್ಸೆ, ಪಿಟ್ ಕ್ಲೀನಿಂಗ್. ಮೂರನೆಯದರ ನಂಬರು ಎಲ್ಲರ ಮೊಬೈಲಿನಲ್ಲೂ ಇದೆ, ಇದೆಯೆಂದು ಯಾರೂ ಬಾಯಿಬಿಡುವುದಿಲ್ಲ. ನೆಂಟರಿಗೆ ಅಡುಗೆಮನೆಯ ಗ್ರಾನೈಟನ್ನು ಮುಟ್ಟಿ ತೋರಿಸುವ ಗೃಹಸ್ಥರು ಹಿತ್ತಲಿನ ಗುಂಡಿ ಎಲ್ಲಿದೆ ಎಂದರೆ, ‘ಅಲ್ಲೇ ಎಲ್ಲೋ ಕಾಂಪೌಂಡ್ ಹತ್ತಿರ’ ಎನ್ನುತ್ತಾರೆ.

ಬೆಂಗಳೂರಿನ ಅಂಚಿನ ಬಡಾವಣೆಗಳ ಕಥೆಯೆಲ್ಲ ಇಷ್ಟೇ. ಸೈಟು ಮಾರುವಾಗ ‘ಮುಂದಿನ ವರ್ಷ ಯುಜಿಡಿ ಬರುತ್ತೆ ಸಾರ್’ ಎಂದಿದ್ದರು. ಆ ಮುಂದಿನ ವರ್ಷ ಇನ್ನೂ ಮುಂದೆಯೇ ಇದೆ. ಅಲ್ಲಿಯವರೆಗೆ ನಮ್ಮ ಪಾಲಿನ ಒಳಚರಂಡಿ ಎಂದರೆ ಟ್ಯಾಂಕು ಹೊತ್ತ ಒಂದು ಲಾರಿ, ಅದರ ಬೆನ್ನಿಗೆ ಸುತ್ತಿದ ದಪ್ಪ ಪೈಪು, ಮೋಟಾರಿನ ಸದ್ದು.

ಗುಂಡಿಗೆ ಪಂಚಾಂಗ ಗೊತ್ತಿದೆ ಎಂದು ನನ್ನ ಅನುಮಾನ. ಸರಿಯಾಗಿ ಗೌರಿ ಹಬ್ಬದ ಹಿಂದಿನ ದಿನವೇ ಅದು ತುಂಬುತ್ತದೆ. ಮಗಳು-ಅಳಿಯ, ಬೀಗರು, ಮೊಮ್ಮಕ್ಕಳು ಎಲ್ಲ ಬಂದಿಳಿದ ಮೇಲೆ ಬಚ್ಚಲಿನಲ್ಲಿ ಗುಳುಗುಳು ಶುರು. ಕಾರಣವೂ ಇಲ್ಲದಿಲ್ಲ. ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ಕುಡಿದು ಸಾಕಾಗಿರುತ್ತದೆ, ಗುಂಡಿಯ ನೀರನ್ನು ಎಳೆದುಕೊಳ್ಳುವುದಿಲ್ಲ. ಅದರ ಮೇಲೆ ಹಬ್ಬದ ಜನ.

ಆಗ ಲಾರಿಯವನಿಗೆ ಫೋನು, ಫೋನಿನಲ್ಲೇ ಚೌಕಾಸಿ. ಎದುರುಮನೆ ಮೇಷ್ಟ್ರು ತೇಗದ ಬಾಗಿಲಿಗೆ ಬಡಗಿ ಕೇಳಿದಷ್ಟು ಕೊಟ್ಟವರು. ಲೋಡಿಗೆ 2500 ರೂಪಾಯಿ ಎಂದಾಗ ಮಾತ್ರ ಮಾರುಕಟ್ಟೆಯ ಸೊಪ್ಪಿನ ಮುಂದೆ ನಿಂತಂತೆ, ‘ನೋಡಿ ಹೇಳಪ್ಪಾ, ಸಾವಿರದೈನೂರು ಮಾಡ್ಕೊ’ ಎಂದರು. ಅವನು ಶಾಂತವಾಗಿ, ‘ಆಗ್ಲಿ ಸಾರ್, ಅರ್ಧ ತುಂಬ್ಕೊಂಡು ಹೋಗ್ತೀನಿ, ಮಿಕ್ಕಿದ್ದು ನೀವೇ ಇಟ್ಕೊಳ್ಳಿ’ ಎಂದ. ಮೇಷ್ಟ್ರು ಪೂರ್ತಿ ಕೊಟ್ಟರು. ಎರಡು ಲೋಡಿಗೆ 5000 ಎಂದುಕೊಳ್ಳಿ, ಮೂರು ವರ್ಷಕ್ಕೊಮ್ಮೆ ಎಂದುಕೊಳ್ಳಿ, ತಿಂಗಳಿಗೆ 140 ರೂಪಾಯಿಯೂ ಬೀಳುವುದಿಲ್ಲ. ಮೊಬೈಲ್ ರೀಚಾರ್ಜಿಗೆ ಅದಕ್ಕಿಂತ ಹೆಚ್ಚು ಸುರಿಯುತ್ತೇವೆ. ಆದರೆ ರೀಚಾರ್ಜಿನಲ್ಲಿ ಏನೋ ಬಂತು ಎಂಬ ಸಮಾಧಾನವಿದೆ. ಇಲ್ಲಿ ದುಡ್ಡೂ ಹೋಗುತ್ತದೆ, ಅದೂ ಹೋಗುತ್ತದೆ.

ನಾವು ಸೆಪ್ಟಿಕ್ ಟ್ಯಾಂಕ್ ಎಂದು ಹೆಮ್ಮೆಯಿಂದ ಹೇಳುವುದು ಬಹಳ ಮನೆಗಳಲ್ಲಿ ಟ್ಯಾಂಕೇ ಅಲ್ಲ. ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ, ತಳವಿಲ್ಲದ ಗುಂಡಿ. ಪಕ್ಕದಲ್ಲೇ ಬೋರ್‌ವೆಲ್ ಇರುತ್ತದೆ, ಆ ಮಾತು ಬೇಡ. ನಿಜವಾದ ಟ್ಯಾಂಕಿಗೆ ತಳವಿದೆ, ಎರಡು ಕೋಣೆಗಳಿವೆ. ಗಟ್ಟಿ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ತಳದಲ್ಲಿ ಕೂತದ್ದನ್ನು ಗಾಳಿ ಬೇಡದ ಬ್ಯಾಕ್ಟೀರಿಯಾ ನಿಧಾನವಾಗಿ ಅರಗಿಸುತ್ತವೆ. ಅದಕ್ಕೇ ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಿದರೆ ಸಾಕು. ತೆಗೆಸುವಾಗಲೂ ತಳ ಕಾಣುವಂತೆ ತೊಳೆಸಬಾರದು, ಹೆಪ್ಪಿಗೆ ಮೊಸರು ಉಳಿಸುವ ಹಾಗೆ ಸ್ವಲ್ಪ ಬಿಡಬೇಕು. ನಮ್ಮ ಹೆಂಗಸರು-ಗಂಡಸರಿಗೆಲ್ಲ ಶುಚಿಯ ಹುಚ್ಚು. ಬೆಳಿಗ್ಗೆ ಆ್ಯಸಿಡ್, ಸಂಜೆ ಫಿನಾಯಿಲ್ ಸುರಿದು ಆ ಬಡಪಾಯಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತೇವೆ, ಆಮೇಲೆ ಅಂಗಡಿಯಿಂದ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣ ತಂದು ಹಾಕುತ್ತೇವೆ. ಟ್ಯಾಂಕಿಗೆ ಬೇಕಾದಷ್ಟು ಬ್ಯಾಕ್ಟೀರಿಯಾವನ್ನು ಮನೆಮಂದಿಯೇ ದಿನವೂ ಬಿಟ್ಟಿಯಾಗಿ ಒದಗಿಸುತ್ತಿರುವಾಗ ಈ ಪೊಟ್ಟಣ ಯಾಕೆ?

ಲಾರಿ ಬೀದಿಯ ತಿರುವು ದಾಟಿದ ಮೇಲೆ ನಮಗೆ ಅದರ ಚಿಂತೆಯಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಈ ಮಲತ್ಯಾಜ್ಯಕ್ಕೆಂದೇ ಸಂಸ್ಕರಣಾ ಘಟಕ ಶುರುವಾಯಿತು, ದೇಶದ ಮೊದಮೊದಲ ಇಂಥ ಘಟಕಗಳಲ್ಲಿ ಅದೂ ಒಂದು. ಬಂದದ್ದನ್ನು ಒಣಗಿಸಿ ಗೊಬ್ಬರದ ದಾರಿಗೆ ಹಚ್ಚುತ್ತಾರೆ. ಬೆಂಗಳೂರಿನ ಸುತ್ತಲಿನ ಕೆಲವು ರೈತರು ಅದಕ್ಕೂ ಮೊದಲೇ ಲಾರಿಗಳನ್ನು ತೋಟಕ್ಕೆ ಕರೆಸಿಕೊಳ್ಳುತ್ತಿದ್ದರು. ಘಟಕವೂ ದೂರ, ರೈತನೂ ಸಿಗಲಿಲ್ಲ ಎಂದರೆ ರಾತ್ರಿಯ ರಾಜಕಾಲುವೆ ಇದ್ದೇ ಇದೆ. ತೀರಾ ಅಗ್ಗಕ್ಕೆ ಒಪ್ಪಿದ ಲಾರಿಯವನ ಡೀಸೆಲ್ ಎಲ್ಲಿ ಉಳಿಯಿತು ಎಂದು ಒಮ್ಮೆ ಕೇಳಿ ನೋಡಬಹುದು.

ಇನ್ನೂ ಅಗ್ಗದ ದಾರಿ ಒಂದಿದೆ, ಹೇಳುವುದಕ್ಕೇ ನಾಚಿಕೆ. ಲಾರಿ ಬರದ ಸಂದಿಗೆ ಹಗ್ಗ, ಬಕೆಟ್ಟು ಹಿಡಿದ ಇಬ್ಬರು. ದೇವರಾಜ ಅರಸರ ಸಂಪುಟದ ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. 2013ರ ಕಾಯಿದೆಯ ಪ್ರಕಾರ ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮನೆಯ ಯಜಮಾನನಿಗೂ ರಿಯಾಯಿತಿಯಿಲ್ಲ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ಶಕ್ತಿಯನ್ನೇ ಕಸಿಯುತ್ತದೆ. ನಾತವೇ ಇಲ್ಲ ಎಂದುಕೊಂಡು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ನಾವು ಚೌಕಾಸಿ ಮಾಡಿದ್ದು ಸಾವಿರ ರೂಪಾಯಿಗೆ.

ಈಗ ಮನೆ ಕಟ್ಟುತ್ತಿರುವವರಲ್ಲಿ ಒಂದು ವಿನಂತಿ. ವಾಸ್ತುವಿನವರು, ಆರ್ಕಿಟೆಕ್ಟು, ಮನೆಯಾಕೆ ಮೂವರೂ ಒಪ್ಪಿದ ಜಾಗದಲ್ಲೇ ಟ್ಯಾಂಕು ಕಟ್ಟಿಸಿ, ನನ್ನ ತಕರಾರಿಲ್ಲ. ಆದರೆ ಲಾರಿಯ ಪೈಪು ತಲುಪುವಷ್ಟು ಹತ್ತಿರ ಇರಲಿ. ಮತ್ತೆ ಅದರ ಮುಚ್ಚಳದ ಮೇಲೆ ದಯವಿಟ್ಟು ಟೈಲ್ಸ್ ಹಾಕಿಸಬೇಡಿ.